ಯಾರ ಸಾವಿಗೆ ಯಾರ ಕಣ್ಣೀರು?

(ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ನೇತ್ರದಾನ ಜಾಗೃತಿ ಸಭೆಯಲ್ಲಿ ಧರ್ಮಕೇಂದ್ರವೊಂದರ ಗಾನವೃಂದದ ಪರವಾಗಿ ಆಡಿದ ಮಾತುಗಳ ಬರಹರೂಪ)



ನಾವು ಭಾಷಣ ಮಾಡುವವರಲ್ಲ, ಹಾಡುವವರು. ಭಾನುವಾರದ ಪೂಜೆಯಲ್ಲಿ ಹಾರ್ಮೋನಿಯಂ, ಕೀಬೋರ್ಡ್, ತಬಲಾ ಇಟ್ಟುಕೊಂಡು ಬಲಗಡೆ ಕೂತಿರುತ್ತೇವಲ್ಲ, ಅವರೇ ನಾವು. "ನೇತ್ರದಾನದ ಬಗ್ಗೆ ಡಾಕ್ಟರು ಹೇಳುತ್ತಾರೆ, ನೀವು ನಿಮ್ಮ ಅನುಭವ ಹೇಳಿ" ಅಂತ ಸಿಸ್ಟರ್ ಕೇಳಿಕೊಂಡರು. ನಮ್ಮ ಅನುಭವ ಶುರುವಾಗುವುದು ಆಸ್ಪತ್ರೆಯಲ್ಲಿ ಅಲ್ಲ, ಒಬ್ಬ ಸಿನಿಮಾ ನಟನ ಸಾವಿನಲ್ಲಿ, ಒಂದು ಹಾಡಿನಲ್ಲಿ ಮತ್ತು ಒಂದು ಜಗಳದಲ್ಲಿ. ಅದನ್ನೇ ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಇಲ್ಲಿ ಬೇರೆ ಬೇರೆ ಧರ್ಮದ ಬಂಧುಗಳೂ ಇದ್ದೀರಿ. ನಮ್ಮ ಚರ್ಚಿನ ಪದ್ಧತಿಯ ಮಾತು ಬಂದಾಗ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

2021ರ ಅಕ್ಟೋಬರ್ 29, ಶುಕ್ರವಾರ. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ನಮ್ಮ ಕಡೆ ಅದನ್ನು ಸತ್ತವರ ಹಬ್ಬ ಅಂತಲೇ ಕರೆಯುವುದು. ಹಬ್ಬಕ್ಕೆ ಮುಂಚೆ ಕಲ್ಲರೆಗಳಿಗೆ ಸುಣ್ಣ ಹೊಡೆದು, ಹುಲ್ಲು ಕಿತ್ತು ಚೊಕ್ಕಟ ಮಾಡುವುದು ಗಾನವೃಂದದ ಹುಡುಗರ ಕೆಲಸ. ಅವತ್ತೂ ಅದನ್ನೇ ಮಾಡುತ್ತಿದ್ದೆವು. ಒಬ್ಬನ ಫೋನಿಗೆ ಸುದ್ದಿ ಬಂತು, ಪುನೀತ್ ರಾಜ್‌ಕುಮಾರ್ ಆಸ್ಪತ್ರೆಯಲ್ಲಿದ್ದಾರೆ ಅಂತ. ಯಾರೂ ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ತೀರಿಕೊಂಡರು ಅಂತ ಬಂತು. ವಯಸ್ಸು ಬರೀ 46. ಕೈಯಲ್ಲಿದ್ದ ಸುಣ್ಣದ ಬ್ರಷ್ ಹಾಗೇ ನಿಂತಿತು.

ನಮ್ಮ ಕೀಬೋರ್ಡ್ ಬಾರಿಸುವ ಹುಡುಗ ಒಂದು ಸಮಾಧಿಯ ಪಕ್ಕ ಕೂತು ಅಳಲಿಕ್ಕೆ ಶುರು ಮಾಡಿದ. ಬಿಕ್ಕಿ ಬಿಕ್ಕಿ ಅತ್ತ. ಮೊದಲು ನಾವೆಲ್ಲ ಜೊತೆಗೆ ಅತ್ತೆವು. ಆಮೇಲೆ ನಾವು ಸುಮ್ಮನಾದರೂ ಅವನು ಸುಮ್ಮನಾಗಲಿಲ್ಲ. ಆಗ ನಮ್ಮಲ್ಲಿ ಒಬ್ಬರಿಗೆ ಹೊಳೆಯಿತು. ಅವನು ಕೂತಿದ್ದದ್ದು ಅವರಪ್ಪನ ಮಣ್ಣಿನ ಪಕ್ಕದಲ್ಲಿ.

ಅವನ ತಂದೆ ಗಾರೆ ಕೆಲಸದವರು. ಅದೇ ವರ್ಷದ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಹೋದರು. ಶವವನ್ನು ಮನೆಗೆ ತರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಂಬುಲೆನ್ಸಿನಲ್ಲಿ ನೇರ ಕಲ್ಲರೆಗೇ ತಂದರು. ಇದ್ದವರು ನಾಲ್ಕೈದು ಜನ. ಮುಖ ತೋರಿಸಲಿಲ್ಲ. ಜಪಸರವಿಲ್ಲ, ಪೂಜೆಯಿಲ್ಲ, ಒಂದು ಹಾಡೂ ಇಲ್ಲ. ಎಷ್ಟೋ ಜನರ ಮಣ್ಣಿಗೆ ಹೋಗಿ ಹಾಡಿದ್ದ ಹುಡುಗ ತನ್ನ ಅಪ್ಪನ ಮಣ್ಣಿಗೆ ಹಾಡಲಾಗಲಿಲ್ಲ. ಅವತ್ತು ಅವನು ಅತ್ತಿರಲೂ ಇಲ್ಲ. ಮೇ ತಿಂಗಳ ಕಣ್ಣೀರು ಅಕ್ಟೋಬರಿನಲ್ಲಿ ಬಂತು.

ಆತ್ಮೀಯರೇ, "ಯಾರೋ ಸಿನಿಮಾದವರು ಸತ್ತರೆ ಇವರಿಗೇನು ಬಂತು" ಅಂತ ನಗುವವರಿದ್ದಾರೆ. ನಾವೂ ಹಾಗೆ ಅಂದದ್ದುಂಟು. ಆದರೆ ಅವತ್ತಿನಿಂದ ನಾವು ಹಾಗೆ ಅನ್ನುವುದನ್ನು ಬಿಟ್ಟಿದ್ದೇವೆ. ದೊಡ್ಡವರ ಸಾವಿಗೆ ಅಳುವಾಗ ಜನ ತಮ್ಮ ಮನೆಯ ಸಾವಿಗೂ ಅಳುತ್ತಿರುತ್ತಾರೆ. ಮನೆಯಲ್ಲಿ ಅಳಲು ಆಗದಿದ್ದದ್ದು ಬೀದಿಯಲ್ಲಿ ಹೊರಗೆ ಬರುತ್ತದೆ.

ಆದರೆ ಎಲ್ಲ ಅಳುವೂ ಒಳ್ಳೆಯದಕ್ಕೇ ಹೋಗುತ್ತದೆ ಅಂತ ಹೇಳುವಂತಿಲ್ಲ. ಡಾ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ನಮ್ಮಲ್ಲಿ ಹಿರಿಯರಿಗೆ ಚೆನ್ನಾಗಿ ನೆನಪಿದೆ, ಅದು ಪವಿತ್ರ ವಾರದ ಬುಧವಾರ. ಮಾರನೆಯ ದಿನ ಪವಿತ್ರ ಗುರುವಾರ. ಗುರುಗಳು ದೇವಾಲಯದಲ್ಲಿ ಹನ್ನೆರಡು ಮಂದಿಯ ಪಾದ ತೊಳೆಯುವ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಸುಡುತ್ತಿದ್ದವು. ಒಬ್ಬ ಪೊಲೀಸನೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಹಗುರವಾದ ಮಾತನ್ನೂ ಆಡದ ಆ ಮನುಷ್ಯನ ಹೆಸರಿನಲ್ಲಿ ಕಲ್ಲು ತೂರಿದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೋದಾಗಲೂ ಗಲಾಟೆ ಆಯಿತು. 2021ರಲ್ಲಿ ಹಾಗಾಗಲಿಲ್ಲ. ಕಂಠೀರವ ಸ್ಟೇಡಿಯಂನಲ್ಲಿ ಲಕ್ಷಾಂತರ ಜನ ಸಾಲಿನಲ್ಲಿ ನಿಂತು ಮುಖ ನೋಡಿ ಹೋದರು. ಅಕ್ಟೋಬರ್ 31ರ ಬೆಳಗಿನ ಜಾವ ಕಂಠೀರವ ಸ್ಟುಡಿಯೋದಲ್ಲಿ, ತಂದೆ ತಾಯಿಯ ಸಮಾಧಿಯ ಹತ್ತಿರವೇ ಮಣ್ಣು ಮಾಡಿದರು. ಆದರೂ ಆಘಾತ ತಡೆಯಲಾರದೆ ಪ್ರಾಣ ಬಿಟ್ಟ ಅಭಿಮಾನಿಗಳ ಸುದ್ದಿ ಬರುತ್ತಲೇ ಇತ್ತು. ಹಾಗೆ ಮಾಡಿಕೊಳ್ಳಬೇಡಿ ಅಂತ ಮನೆಯವರೇ ಕೈಮುಗಿದು ಕೇಳಬೇಕಾಯಿತು. ತಮ್ಮನನ್ನು ಕಳಕೊಂಡವರು ಬೇರೆಯವರಿಗೆ ಸಮಾಧಾನ ಹೇಳುವ ಪರಿಸ್ಥಿತಿ ನೋಡಿ! ಅದಕ್ಕೇ ಕೀಬೋರ್ಡ್ ಹುಡುಗನನ್ನು ಆ ನಾಲ್ಕು ದಿನ ನಾವು ಒಂಟಿಯಾಗಿ ಬಿಡಲಿಲ್ಲ.

ಈಗ ಹಾಡಿನ ವಿಷಯ. 1971ರಲ್ಲಿ "ಕಸ್ತೂರಿ ನಿವಾಸ" ಬಂತು. ಅದರಲ್ಲಿ ಬೊಂಬೆಯ ಹಾಡು, ಪರದೆಯ ಮೇಲೆ ರಾಜ್‌ಕುಮಾರ್, ದನಿ ಪಿ.ಬಿ. ಶ್ರೀನಿವಾಸ್ ಅವರದು. ಇದ್ದದ್ದನ್ನೆಲ್ಲ ಕೊಟ್ಟು ಬರಿಗೈಯಾದ ಒಬ್ಬ ಯಜಮಾನನ ಕಥೆ ಅದು. 2017ರಲ್ಲಿ "ರಾಜಕುಮಾರ" ಚಿತ್ರಕ್ಕೆ ವಿ. ಹರಿಕೃಷ್ಣ ಸಂಗೀತ ಕೊಟ್ಟರು, ವಿಜಯ್ ಪ್ರಕಾಶ್ ಹಾಡಿದರು, ಅಪ್ಪನನ್ನು ನೆನಪಿಗೆ ತರುವ ಹಾಗೆ ಬೊಂಬೆಯ ಮಾತು ಮತ್ತೆ ಬಂತು. ಪುನೀತ್ ಹೋದ ಮೇಲೆ ಊರೂರಲ್ಲಿ ಅದೇ ಹಾಡು. ಆಟೋದಲ್ಲಿ, ಹೋಟೆಲಿನಲ್ಲಿ, ಶ್ರದ್ಧಾಂಜಲಿ ಪೆಂಡಾಲಿನಲ್ಲಿ.

ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. 2020ರ ಸೆಪ್ಟೆಂಬರ್ 25ರಂದು ತೀರಿಕೊಂಡ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂಡ ತೆಲುಗು ಮನೆಮಾತಿನವರು. ಅವರ ಕನ್ನಡ ಕೇಳಿ ಯಾರೂ ಮನೆಮಾತು ಯಾವುದೆಂದು ಕೇಳಲಿಲ್ಲ. ನಮ್ಮ ಗಾನವೃಂದದಲ್ಲೂ ಮನೆಯಲ್ಲಿ ತಮಿಳು ಆಡುವವರಿದ್ದಾರೆ, ಕೊಂಕಣಿಯವರಿದ್ದಾರೆ, ಹಾಡುವುದು ಮಾತ್ರ ಕನ್ನಡದಲ್ಲಿ. ನಮ್ಮ ಅಜ್ಜಂದಿರ ಕಾಲದಲ್ಲಿ ಪೂಜೆ ಲತೀನಿನಲ್ಲಿತ್ತು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಬಗ್ಗೆ ತನ್ನ ನಿರ್ಣಯ ಹೊರಡಿಸಿದ ಮೇಲೆ ಆಯಾ ನಾಡಿನ ಭಾಷೆಗೆ ಬಾಗಿಲು ತೆರೆಯಿತು. ಹೀಗಾಗಿ ಚರ್ಚಿನ ಹಾಡು, ಸಿನಿಮಾ ಹಾಡು ಎರಡನ್ನೂ ಒಂದೇ ಕೊರಳಿನಲ್ಲಿ ಹಾಡುತ್ತಾ ಬೆಳೆದವರು ನಾವು. ಜಗಳ ಬಂದದ್ದೂ ಅಲ್ಲಿಂದಲೇ.

ಶುಕ್ರವಾರ ರಾತ್ರಿಯೇ ನಾವು ತೀರ್ಮಾನ ಮಾಡಿದೆವು. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿದ ಮೇಲೆ ಆ ಬೊಂಬೆಯ ಹಾಡು ಹಾಡಬೇಕು, ಗೇಟಿನ ಹತ್ತಿರ ಅಪ್ಪು ಅವರ ಫ್ಲೆಕ್ಸ್ ಕಟ್ಟಬೇಕು. ಮನೆಮನೆಗೆ ಹೋಗಿ 2,400 ರೂಪಾಯಿ ಕೂಡಿಸಿದೆವು. ಶನಿವಾರ ಪಾಲನಾ ಸಮಿತಿಯವರು ಕೂತರು. ಒಬ್ಬರು, "ದೇವಾಲಯದಲ್ಲಿ ಸಿನಿಮಾ ಹಾಡೇ?" ಅಂದರು. ಇನ್ನೊಬ್ಬರು, "ಅವರೇನು ನಮ್ಮವರಾ?" ಅಂದರು. ಮೊದಲನೆಯ ಮಾತನ್ನು ತಡೆದುಕೊಂಡೆವು, ಎರಡನೆಯದು ಚುಚ್ಚಿತು. ಗುರುಗಳು ಎಲ್ಲ ಕೇಳಿ, "ಪೂಜೆಯಲ್ಲಿ ಬೇಡ" ಅಂದರು, ಅಷ್ಟೇ. ಯಾಕೆ ಅಂತ ಹೇಳಲಿಲ್ಲ. ನಾವೂ ಕೇಳಲಿಲ್ಲ, ಎದ್ದು ಬಂದೆವು.

ಭಾನುವಾರ ನಮ್ಮಲ್ಲಿ ಏಳು ಜನ ಒಳಗೆ ಹೋಗಲಿಲ್ಲ. ಹುಣಸೆಮರದ ಕೆಳಗೆ ಕೂತೆವು. "ನಾವಿಲ್ಲದೆ ಅದು ಹೇಗೆ ಹಾಡುತ್ತಾರೋ ನೋಡೋಣ" ಅಂತ. ಒಳಗೆ ಕೀಬೋರ್ಡಿಲ್ಲ, ಹಾರ್ಮೋನಿಯಮ್ಮಿಲ್ಲ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬ ಅಜ್ಜಿ ಎತ್ತಿಕೊಂಡರು, ಹಿಂದೆ ಉಳಿದ ಹೆಂಗಸರು. ಶ್ರುತಿ ಇಲ್ಲ, ತಾಳ ಇಲ್ಲ, ಒಬ್ಬರು ಮುಂದೆ ಒಬ್ಬರು ಹಿಂದೆ. ಆದರೂ ಹಾಡು ನಿಲ್ಲಲಿಲ್ಲ. ಹೊರಗೆ ಕೂತ ನಮಗೆ ನಾಚಿಕೆಯಾಯಿತು. ಹಾಡು ನಮ್ಮದು ಅಂತ ತಿಳಿದಿದ್ದೆವು. ಅದು ಸಭೆಯದು, ನಾವು ಬರೀ ಕೈಗೂಡಿಸುವವರು ಅಂತ ಅವತ್ತು ಗೊತ್ತಾಯಿತು.

ಸಂಜೆ ಗುರುಗಳೇ ಹುಣಸೆಮರದ ಹತ್ತಿರ ಬಂದು ನಮ್ಮ ಜೊತೆ ಕಟ್ಟೆಯ ಮೇಲೆ ಕೂತರು. "ನಿನ್ನೆ ನಾನು ಕಾರಣ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು" ಅಂತಲೇ ಮಾತು ಶುರು ಮಾಡಿದರು. ಅವರು ಹೇಳಿದ್ದರ ಸಾರ ಇಷ್ಟು. ಕಥೋಲಿಕ ಧರ್ಮಸಭೆಯ ಪದ್ಧತಿಯಲ್ಲಿ ಮೃತರ ಪೂಜೆಯಲ್ಲಿ ಪ್ರಬೋಧನೆ ಇರಬೇಕು, ಸತ್ತವರ ಹೊಗಳಿಕೆಯ ಭಾಷಣ ಇರಬಾರದು ಅಂತಲೇ ನಿಯಮವಿದೆ. ಯಾಕೆಂದರೆ ಹೊಗಳಲಿಕ್ಕೆ ಹೊರಟರೆ ಶ್ರೀಮಂತನಿಗೆ ಒಂದು ಗಂಟೆ, ಕೂಲಿಯವನಿಗೆ ಐದು ನಿಮಿಷ ಆಗುತ್ತದೆ. ಪೀಠದ ಮುಂದೆ ಎಲ್ಲರಿಗೂ ಅದೇ ಪ್ರಾರ್ಥನೆ, ಅದೇ ತೀರ್ಥ, ಅದೇ ಧೂಪ. "ಈ ಗಾರೆ ಕೆಲಸದವರ ಮಗನ ಅಪ್ಪನಿಗೂ ದೊಡ್ಡ ನಟನಿಗೂ ಒಂದೇ ಅಳತೆ ಇರುವ ಜಾಗ ಊರಿನಲ್ಲಿ ಇನ್ನೆಲ್ಲಿದೆ ಹೇಳಿ" ಅಂದರು.

ಆಗ ಕೀಬೋರ್ಡ್ ಹುಡುಗ ಬಾಯಿಬಿಟ್ಟ. "ಫಾದರ್, ಅಪ್ಪನಿಗೆ ಆ ಅಳತೆಯೂ ಸಿಗಲಿಲ್ಲವಲ್ಲ" ಅಂದ.

ಯಾರೂ ಮಾತಾಡಲಿಲ್ಲ. ಗುರುಗಳು ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದರು. ಆಮೇಲೆ, "ಹೌದು ಮಗಾ, ಸಿಗಲಿಲ್ಲ" ಅಂದರು. ಲಾಕ್‌ಡೌನ್ ಇತ್ತು, ಸರ್ಕಾರದ ನಿಯಮ ಇತ್ತು ಅಂತ ಸಮಜಾಯಿಷಿ ಕೊಡಲಿಲ್ಲ. ನಮಗೆ ಅದೇ ದೊಡ್ಡದಾಗಿ ಕಂಡಿತು. ಲಾಕ್‌ಡೌನ್ ತೆಗೆದ ಮೇಲೆ ಐದು ತಿಂಗಳಲ್ಲಿ ಆ ಮನೆಗಳಿಗೆ ಹೋಗಿ ಒಂದು ಪೂಜೆ ಇಟ್ಟುಕೊಡಬಹುದಿತ್ತಲ್ಲ ಅನ್ನುವ ಪ್ರಶ್ನೆ ನಮಗೆ ಈಗಲೂ ಇದೆ. ಆದರೆ ಅದನ್ನು ಗುರುಗಳಿಗೆ ಮಾತ್ರ ಕೇಳುವಂತಿಲ್ಲ. ನಾವೂ ಅದೇ ಊರಿನಲ್ಲಿದ್ದೆವು. ಅವನ ಜೊತೆ ಪ್ರತಿ ವಾರ ಪ್ರಾಕ್ಟೀಸ್ ಮಾಡಿದೆವು. ನಮ್ಮಲ್ಲೂ ಒಬ್ಬರೂ ಕೇಳಲಿಲ್ಲ. ಪುನೀತ್ ಅವರಿಗೆ ಒಂದೇ ರಾತ್ರಿಯಲ್ಲಿ 2,400 ರೂಪಾಯಿ ಕೂಡಿಸಿದ ನಾವು ಗೆಳೆಯನ ಅಪ್ಪನಿಗೆ ಒಂದು ಮೇಣದಬತ್ತಿ ಹಚ್ಚಿರಲಿಲ್ಲ.

ಸೋಮವಾರ ನವೆಂಬರ್ 1. ನಮಗೆ ಸಕಲ ಸಂತರ ಹಬ್ಬ, ನಾಡಿಗೆ ರಾಜ್ಯೋತ್ಸವ. ಫ್ಲೆಕ್ಸಿನ ದುಡ್ಡಿನಲ್ಲಿ ಬಣ್ಣ, ಹಲಗೆ ತಂದೆವು. ಕೊರೊನಾದಲ್ಲಿ ಹೂತಿದ್ದ ಕೆಲವು ಮಣ್ಣಿನ ಮೇಲೆ ಹೆಸರೇ ಇರಲಿಲ್ಲ, ಒಂದು ಕೋಲು ನೆಟ್ಟು ಬಿಟ್ಟಿದ್ದರು. ಅವುಗಳಿಗೆಲ್ಲ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಬರೆದು ಶಿಲುಬೆ ನಿಲ್ಲಿಸಿದೆವು. ಮಂಗಳವಾರ ಸಂಜೆ ಕಲ್ಲರೆಯಲ್ಲಿ ಪೂಜೆ. ಗುರುಗಳು ಆ ಮನೆಯವರನ್ನೆಲ್ಲ ಮುಂದೆ ಕರೆದು, ತಮ್ಮವರ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿ ಅಂದರು. ಹುಡುಗ ಅಪ್ಪನ ಹೆಸರು ಹೇಳಿದ. ನಾವು ಮಣ್ಣಿನ ಹಾಡು ಹಾಡಿದೆವು, ಅವನು ನುಡಿಸಿದ. ಪೂಜೆ ಮುಗಿದು ಮೇಣದಬತ್ತಿ ಹಚ್ಚಿ ಎಲ್ಲರೂ ಗೇಟಿನ ಹೊರಗೆ ಬಂದ ಮೇಲೆ, ರಸ್ತೆಯ ಬದಿಯಲ್ಲಿ ನಿಂತು ಬೊಂಬೆಯ ಹಾಡನ್ನೂ ಹಾಡಿದೆವು. "ಅವರೇನು ನಮ್ಮವರಾ" ಅಂದವರೂ ನಿಂತು ಕೇಳಿದರು. ದಾರಿಯಲ್ಲಿ ಹೋಗುತ್ತಿದ್ದ ಹಿಂದೂ, ಮುಸ್ಲಿಂ ಬಂಧುಗಳೂ ನಿಂತರು. ಎರಡಕ್ಕೂ ಅದರದರ ಜಾಗ ಸಿಕ್ಕಿತು.

ಈಗ ನೇತ್ರದಾನಕ್ಕೆ ಬರುತ್ತೇವೆ. ಪುನೀತ್ ತೀರಿಕೊಂಡ ದಿನವೇ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾದದ್ದು 1994ರಲ್ಲಿ. ಅಣ್ಣಾವ್ರು 2006ರಲ್ಲಿ, ಪಾರ್ವತಮ್ಮನವರು 2017ರಲ್ಲಿ ಕಣ್ಣು ಕೊಟ್ಟೇ ಹೋಗಿದ್ದರು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದು ಹೇಗೆ ಅಂದರೆ, ಕಸಿ ಮಾಡುವುದು ಇಡೀ ಕಣ್ಣುಗುಡ್ಡೆಯನ್ನಲ್ಲ, ಮುಂದಿನ ಪಾರದರ್ಶಕ ಪೊರೆಯನ್ನು. ಅದಕ್ಕೆ ಕಾರ್ನಿಯಾ ಅನ್ನುತ್ತಾರೆ. ಡಾಕ್ಟರುಗಳು ಒಂದೊಂದು ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬೇರೆ ಮಾಡಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನು ಹಾಕಿದರು. ಇದಾದ ಮೇಲೆ ಕರ್ನಾಟಕದಲ್ಲಿ ಕಣ್ಣುದಾನಕ್ಕೆ ಹೆಸರು ಬರೆಸುವವರು ಬಹಳ ಹೆಚ್ಚಾದರು.

ಕೀಬೋರ್ಡ್ ಹುಡುಗನ ಅಜ್ಜಿ, ಭಾನುವಾರ ಪೂಜೆಯಲ್ಲಿ ಹಾಡು ಎತ್ತಿಕೊಂಡರಲ್ಲ ಅವರೇ, ಇದನ್ನು ಟಿ.ವಿ.ಯಲ್ಲಿ ನೋಡಿ ಗುರುಗಳ ಹತ್ತಿರ ಬಂದರು. "ಅಪ್ಪು ಕಣ್ಣ ತಕ್ಕಂಡ್ರಂತಲ್ಲ ಸ್ವಾಮೇರೆ, ದಿಟವಾ? ಕಣ್ಣಿಲ್ದೆ ಹೋದ್ರೆ ಅಲ್ಲಿ ದೇವರ ಮುಖ ಹೆಂಗೆ ನೋಡಾದು?" ಅಂತ ಕೇಳಿದರು. ನಮ್ಮಲ್ಲಿ ಕೆಲವರಿಗೆ ನಗು ಬಂತು. ಗುರುಗಳು ನಗಲಿಲ್ಲ. ನಮ್ಮ ವಿಶ್ವಾಸ ಪ್ರಮಾಣದಲ್ಲಿ ಶರೀರದ ಪುನರುತ್ಥಾನ ಅಂತ ಹೇಳುತ್ತೇವಲ್ಲ, ಹಾಗಾಗಿ ಅದು ನ್ಯಾಯವಾದ ಪ್ರಶ್ನೆಯೇ. ಅವರು ಹೇಳಿದರು: "ಅವ್ವಾ, ಬೆಂಕಿಯಲ್ಲಿ ಸುಟ್ಟ ರಕ್ತಸಾಕ್ಷಿಗಳೂ ಇದ್ದಾರೆ, ಸಮುದ್ರದ ಪಾಲಾದವರೂ ಇದ್ದಾರೆ. ಅವರನ್ನು ಎಬ್ಬಿಸುವ ದೇವರಿಗೆ ನಿಮ್ಮ ಎರಡು ಕಣ್ಣು ಕಷ್ಟವಾ? ಸಂತ ಪೌಲರು ಬೀಜದ ಹೋಲಿಕೆ ಕೊಟ್ಟಿದ್ದಾರೆ. ನೀವು ರಾಗಿ ಬಿತ್ತಿದವರು. ಬಿತ್ತಿದ ಕಾಳೇ ಮೇಲೆ ಬರುತ್ತದಾ, ಪೈರು ಬರುತ್ತದಾ?" ಅಜ್ಜಿ, "ಪೈರೇ ಕಣಪ್ಪ" ಅಂದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಸತ್ತ ನಂತರದ ಅಂಗದಾನವನ್ನು ಶ್ರೇಷ್ಠ ಕೆಲಸ ಅಂತಲೇ ಹೇಳಿದೆ, ಜಗದ್ಗುರು ಎರಡನೇ ಜಾನ್ ಪಾಲ್ ಅವರೂ 1995ರ ತಮ್ಮ ವಿಶ್ವಪತ್ರದಲ್ಲಿ ಅದನ್ನು ಮೆಚ್ಚಿದ್ದಾರೆ ಅಂತ ಗುರುಗಳು ವಿವರಿಸಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು.

2023ರ ಮಳೆಗಾಲದಲ್ಲಿ ಒಂದು ರಾತ್ರಿ ಅಜ್ಜಿ ಹೋದರು. ಮನೆ ತುಂಬ ನೆಂಟರು. "ಮುಖ ವಿಕಾರವಾಗುತ್ತೆ, ಬೇಡ" ಅಂತ ಒಬ್ಬರು, "ಬೆಳಗಾಗಲಿ, ಆಮೇಲೆ ನೋಡೋಣ" ಅಂತ ಇನ್ನೊಬ್ಬರು. ಬೆಳಗಾಗುವ ತನಕ ಕಾದಿದ್ದರೆ ಹೊತ್ತು ಮೀರುತ್ತಿತ್ತು. ಹುಡುಗ ಎಲ್ಲರ ಎದುರೇ ಫೋನ್ ಮಾಡಿದ. "ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ, ಅವರ ಮಾತು ನಡೀಬೇಕು" ಅಂದ. ಅವರಮ್ಮ ಸಹಿ ಹಾಕಿದರು. ನೇತ್ರ ಬ್ಯಾಂಕಿನವರು ಬಂದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೋದರು. ಮುಖ ಮಲಗಿದ ಹಾಗೇ ಇತ್ತು. ಒಬ್ಬ ಸಂಬಂಧಿಕರು ಮಾತ್ರ ಕೋಪ ಮಾಡಿಕೊಂಡು ಮಣ್ಣಿಗೆ ಬರಲಿಲ್ಲ, ಈಗಲೂ ಆ ಮನೆಯ ಜೊತೆ ಮಾತಿಲ್ಲ. ಇದನ್ನೂ ಮುಚ್ಚಿಡದೆ ಹೇಳುತ್ತಿದ್ದೇವೆ. ಒಳ್ಳೆಯ ಕೆಲಸಕ್ಕೂ ಬೆಲೆ ಕೊಡಬೇಕಾಗುತ್ತದೆ. ಮಾರನೆಯ ದಿನ ಪೂಜೆ, ಜಪಸರ, ಹಾಡು ಎಲ್ಲ ಕ್ರಮವಾಗಿ ನಡೆಯಿತು. ಅಪ್ಪನಿಗೆ ನುಡಿಸಲಾಗದ ಹುಡುಗ ಅಜ್ಜಿಗೆ ನುಡಿಸಿದ.

ಆದ್ದರಿಂದ ತಾಯಂದಿರೇ, ದಯವಿಟ್ಟು ಇಷ್ಟು ನೆನಪಿಡಿ.

ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ಮೊದಲು ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ನೆಂಟರಿಗೆ. ಸತ್ತವರ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ. ಫ್ಯಾನ್ ಆರಿಸಿ. ವಯಸ್ಸಾದವರು, ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಕೂಡ ಕೊಡಬಹುದು. ಎಚ್‌ಐವಿ, ರೇಬೀಸ್‌ನಂಥ ಕೆಲವು ರೋಗಗಳಿದ್ದರೆ ಮಾತ್ರ ಆಗುವುದಿಲ್ಲ, ಅದನ್ನು ಡಾಕ್ಟರೇ ನೋಡಿ ಹೇಳುತ್ತಾರೆ. ಎಲ್ಲಕ್ಕಿಂತ ಮುಖ್ಯ, ಬರೀ ಕಾರ್ಡಿಗೆ ಸಹಿ ಹಾಕಿ ಪೆಟ್ಟಿಗೆಯಲ್ಲಿ ಇಟ್ಟರೆ ಸಾಲದು. ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಇವತ್ತು ರಾತ್ರಿ ಊಟದ ಹೊತ್ತಿನಲ್ಲಿ ಮಕ್ಕಳಿಗೆ ಹೇಳಿಬಿಡಿ.

ಕೊನೆಯದಾಗಿ ಒಂದು ಮಾತು. 2025ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮಾರನೆಯ ದಿನ, ಜಗದ್ಗುರು ಫ್ರಾನ್ಸಿಸ್ ತೀರಿಕೊಂಡರು. ಪೋಪರಿಗೆ ಹಿಂದಿನಿಂದ ಮೂರು ಪೆಟ್ಟಿಗೆಗಳ ಸಂಪ್ರದಾಯವಿತ್ತು. ಅದನ್ನು ಅವರು ಬದುಕಿದ್ದಾಗಲೇ ಬದಲಿಸಿ, ಸತುವಿನ ಒಳಪದರವಿರುವ ಒಂದೇ ಮರದ ಪೆಟ್ಟಿಗೆ ಸಾಕು ಅಂದರು. ಸಮಾಧಿಯ ಕಲ್ಲಿನ ಮೇಲೆ ಬರೀ ಹೆಸರು. ಬಿರುದಿಲ್ಲ, ಹೊಗಳಿಕೆಯಿಲ್ಲ. ಅದನ್ನು ಟಿ.ವಿ.ಯಲ್ಲಿ ನೋಡುವಾಗ ನಮಗೆ ನಾವೇ ಬಣ್ಣದಲ್ಲಿ ಬರೆದ ಹಲಗೆಗಳು ನೆನಪಾದವು. ಅವುಗಳ ಮೇಲೂ ಬರೀ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಇರುವುದು.

ದೊಡ್ಡವರ ಸಾವಿಗೆ ಅಳಿ, ತಪ್ಪಿಲ್ಲ. ಅವರ ಹಾಡು ಹಾಡಿ. ಆದರೆ ಅತ್ತ ಕಣ್ಣು ಒರೆಸಿಕೊಂಡ ಮೇಲೆ ಪಕ್ಕದಲ್ಲಿ ಕೂತವನನ್ನು ಒಂದು ಸಲ ನೋಡಿ. ಅವನ ಮನೆಯಲ್ಲಿ ಯಾರು ಹೋಗಿದ್ದಾರೆ ಅಂತ ಕೇಳಿ. ನಾವು ಐದು ತಿಂಗಳು ತಡ ಮಾಡಿದೆವು, ನೀವು ಮಾಡಬೇಡಿ.

ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಅರ್ಜಿ ನಮೂನೆಗಳು ಸಿಸ್ಟರ್ ಹತ್ತಿರ ಇವೆ.  ದೇವರು ಒಳ್ಳೆಯದು ಮಾಡಲಿ.